ಹುಲಿಯ ಅಂಗಿಗೆ ಅಂಚು ಹೊಲಿದ ಕೈ

ಚಿತ್ರರಸಿಕ ಗೆಳೆಯರೇ, ಹಳೆಯ ಕನ್ನಡ ಚಿತ್ರಗಳ ಸಾಹುಕಾರನ ಬಂಗಲೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ದೊಡ್ಡ ಮೆಟ್ಟಿಲು. ಮೇಲಿನಿಂದ ರೇಷ್ಮೆ ಗೌನು ತೊಟ್ಟು, ಬಾಯಲ್ಲಿ ಪೈಪು ಕಚ್ಚಿಕೊಂಡು ಇಳಿದು ಬರುವ ಖಳನಾಯಕ. ಗೋಡೆಯ ಮೇಲೆ ಬಾಯಿ ತೆರೆದ ಹುಲಿ, ಅದರ ಪಕ್ಕ ಎರಡು ಕೋವಿ. ಆ ಹುಲಿ ಕಂಡರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಕೂತವನಿಗೂ ಅರ್ಥವಾಗುತ್ತದೆ: ಈ ಆಸಾಮಿ ಸಾಮಾನ್ಯನಲ್ಲ! ಡೈಲಾಗೇ ಬೇಡ.

ಆ ಹುಲಿಚರ್ಮದ ಸುತ್ತ ಬಟ್ಟೆಯ ಅಂಚು ಹೊಲಿದವನು ಯಾರು ಎಂದು ಯಾವತ್ತಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ನನ್ನ ಕೊರಳಿಗೇ ಕುತ್ತು ಬಂದಾಗ ಕೇಳಿದೆ.

ಅಸಲಿಯೋ ನಕಲಿಯೋ?

ಮಾನ ಹೋಗುವ ಕಥೆ. ಆದರೂ ಹೇಳಿಬಿಡುತ್ತೇನೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಹುಣಸೂರಿನಲ್ಲಿ ಅಲೆಯುತ್ತಿದ್ದ ಕಾಲ. ಒಂದು ಜಾತ್ರೆಯಲ್ಲಿ ಟವೆಲ್ ಹಾಸಿಕೊಂಡು ಕೂತವನೊಬ್ಬ ಹುಲಿ ಉಗುರು ಮಾರುತ್ತಿದ್ದ. "ಎಚ್.ಡಿ. ಕೋಟೆ ಕಾಡಿಂದು ಅಣ್ಣ, ಒರಿಜಿನಲ್ಲು" ಅಂದ. ಎಂಟುನೂರು ಹೇಳಿ ಮುನ್ನೂರಕ್ಕೆ ಕೊಟ್ಟ. ಅದಕ್ಕೊಂದು ಹಿತ್ತಾಳೆ ಕಟ್ಟು ಹಾಕಿಸಿ, ಕಪ್ಪು ದಾರಕ್ಕೆ ಪೋಣಿಸಿ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ... ಆಹಾ! ಸ್ಲೋ ಮೋಷನ್ ಒಂದೇ ಬಾಕಿ.

ವರ್ಷಗಟ್ಟಲೆ ಹಾಗೇ ಮೆರೆದೆ. ಬಂತು 2023ರ ಅಕ್ಟೋಬರ್. ಕೊರಳಲ್ಲಿ ಹುಲಿ ಉಗುರು ಇತ್ತೆಂದು ಟಿ.ವಿ. ರಿಯಾಲಿಟಿ ಷೋ ಒಂದರ ಸ್ಪರ್ಧಿಯನ್ನು ಅರಣ್ಯ ಇಲಾಖೆಯವರು ಷೋ ನಡೆಯುತ್ತಿರುವಾಗಲೇ ಬಂಧಿಸಿದರು. ಮುಂದಿನ ದಿನಗಳಲ್ಲಿ ಕೆಲವು ನಟರ ಮನೆಗಳಿಗೂ ಹೋಗಿ ಪದಕ ಪರೀಕ್ಷೆ ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲ, 7 ವರ್ಷದವರೆಗೂ ಹೋಗಬಹುದು. ಪೇಪರಿನಲ್ಲಿ ಅದನ್ನು ಓದುತ್ತಲೇ ನನ್ನ ಕೈ ಅಂಗಿಯ ಗುಂಡಿ ಹಾಕಿತು.

ಹುಣಸೂರಿನಲ್ಲಿ ನನ್ನ ಪ್ಯಾಂಟಿನ ಕಾಲು ಬಿಗಿ ಮಾಡಿಕೊಡುವ ಒಬ್ಬ ಹಿರಿಯ ಟೈಲರ್ ಇದ್ದಾರೆ. ಎಂಬತ್ತು ದಾಟಿದೆ. ಹೆಸರು ಬರೀಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಎಲ್ಲರಿಗೂ ಅವರು 'ಮಾಸ್ಟ್ರು'. ಹರೆಯದಲ್ಲಿ ಮೈಸೂರಿನಲ್ಲಿ ಚರ್ಮಕ್ಕೆ ಹೊಲಿಗೆ ಹಾಕುತ್ತಿದ್ದರೆಂದು ಕೇಳಿದ್ದೆ. ಬಾಗಿಲು ಸರಿಸಿ ಉಗುರನ್ನು ಮುಂದಿಟ್ಟೆ. ಕತ್ತರಿ ತುದಿಯಿಂದ ಹಿತ್ತಾಳೆ ಕಟ್ಟನ್ನು ಬಿಚ್ಚಿ, ಬುಡ ನೋಡಿ, ಬಿದ್ದು ಬಿದ್ದು ನಕ್ಕರು.

"ಹುಲಿ ಉಗುರಿನ ಬುಡದಲ್ಲಿ ಮೂಳೆ ಕೂರೋ ಟೊಳ್ಳು ಇರ್ತದೆ ಕಣ್ಲಾ. ಇದು ಪೂರ್ತಿ ಗಟ್ಟಿ. ಅರ ಹಾಕಿ ಉಜ್ಜಿರೋ ಗೀರು ನೋಡು. ಎಮ್ಮೆ ಕೊಂಬು! ಹಾಕ್ಕೊ ಹೋಗು, ಎಮ್ಮೆಗೆ ಕೇಸಿಲ್ಲ."

ಉಸಿರು ಬಂತು. ಹಿಂದೆಯೇ ನಾಚಿಕೆಯೂ ಬಂತು. ಇಷ್ಟು ದಿನ ಎಮ್ಮೆ ಕಟ್ಟಿಕೊಂಡು ಹುಲಿಯಂತೆ ತಿರುಗಿದೆನಲ್ಲ!

ತೂತು ಮುಚ್ಚುವ ಕಸುಬು

ಮಾಸ್ಟ್ರ ನಗು ಮಾತ್ರ ನಡುವೆಯೇ ನಿಂತಿತು. ಅಸಲಿಯನ್ನು ಮುಟ್ಟಿದ ಕೈ ಅದು.

ಹುಣಸೂರಿನವರ ಕೈಗೆ ಚರ್ಮ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಸರಕಾರದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಎರಡೂ ಇದ್ದವು. 1864ರಲ್ಲಿ ಮುಚ್ಚಿದರು. ಕಾರ್ಖಾನೆ ಹೋದರೂ ಕೈಯ ಕಸುಬು ಉಳಿಯಿತು. ಬೂಟು, ಚರ್ಮದ ಚೀಲಗಳಿಗೆ ಹುಣಸೂರು ಹೆಸರಾಗಿಯೇ ಇತ್ತು.

ಆದರೆ ಹುಲಿ, ಚಿರತೆಯ ಮಾತು ಬಂದರೆ ಮೈಸೂರೇ ರಾಜಧಾನಿ. 1900ರ ಸುಮಾರಿಗೆ ಯೂಜೀನ್ ವಾನ್ ಇಂಗೆನ್ ಎಂಬಾತ ಅಲ್ಲಿ ಶುರು ಮಾಡಿದ ಕಾರ್ಖಾನೆಗೆ ರಾಜಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ತಾವು ಹೊಡೆದ ಮೃಗಗಳನ್ನು ದೇಶದ ಮೂಲೆಮೂಲೆಯಿಂದ ಕಳಿಸುತ್ತಿದ್ದರು. ಗಾಜಿನ ಕಣ್ಣು, ತೆರೆದ ಬಾಯಿ, ಈಗ ಹಾರಿತೋ ಆಗ ಹಾರಿತೋ ಅನ್ನುವ ನಿಲುವು! ಅಲ್ಲಿ ಸಿದ್ಧವಾದ ಹುಲಿ, ಚಿರತೆಗಳ ಲೆಕ್ಕ 43 ಸಾವಿರಕ್ಕೂ ಹೆಚ್ಚು. 1999ರಲ್ಲಿ ಅದು ಮುಚ್ಚಿತು. ಆ ಮನೆತನದ ಜೂಬರ್ಟ್ ವಾನ್ ಇಂಗೆನ್ 2013ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಮೈಸೂರಿನಲ್ಲಿಯೇ ತೀರಿಕೊಂಡರು.

ನಮ್ಮ ಮಾಸ್ಟ್ರು ಅಷ್ಟು ದೊಡ್ಡ ಕಡೆ ಇದ್ದವರಲ್ಲ. ಕೋಟೆ ಕಡೆಯ ಹಳ್ಳಿಯಿಂದ ಹದಿನೆಂಟರ ಹರೆಯದಲ್ಲಿ, 1960ರ ದಶಕದಲ್ಲಿ, ಮೈಸೂರಿನ ಒಂದು ಸಣ್ಣ ಹೊಲಿಗೆ ಅಂಗಡಿ ಸೇರಿದವರು. ಶಿಕಾರಿ ಸಾಹುಕಾರರ ಚರ್ಮಗಳು ಅಂಚು ಕಟ್ಟುವುದಕ್ಕೆ ಅಲ್ಲಿಗೆ ಬರುತ್ತಿದ್ದವು.

"ಚರ್ಮ ಹದ ಆಗಿ ಬರೋದು. ಕವುಚಿ ಹಾಸ್ತಿದ್ವಿ. ಹಿಂದೆ ದಪ್ಪ ಬಟ್ಟೆ, ಸುತ್ತ ಎರಡು ಬಣ್ಣದ ಉಣ್ಣೆ ಬಟ್ಟೆ. ಅಂಚನ್ನ ಗರಗಸದ ಹಲ್ಲಿನಂಗೆ ಕತ್ತರಿಸ್ಬೇಕು. ದಾರಕ್ಕೆ ಮೇಣ. ಸೂಜಿ ಕೂದಲ ಕಡೆಗೆ ಇಣುಕಂಗಿಲ್ಲ. ಇಣುಕಿದ್ರೆ ಅವತ್ತಿನ ಕೂಲಿ ಕಟ್.

"ಅದೆಲ್ಲ ಸಲೀಸು. ಕಷ್ಟದ ಕೆಲ್ಸ ಅಂದ್ರೆ ಗುಂಡಿನ ತೂತು. ಹಿಂದಿನಿಂದ ಸೇರಿಸಿ ಹೊಲಿದು, ಮುಂದಿನಿಂದ ಕೂದಲು ಬಾಚಿ ಕೂರಿಸ್ಬೇಕು. ಎಲ್ಲಿ ಗುಂಡು ಬಿತ್ತು ಅಂತ ಹೊಡೆದೋನಿಗೂ ಗೊತ್ತಾಗಬಾರದು. ನನ್ ಕೈ ಅದರಲ್ಲಿ ಎತ್ತಿದ ಕೈ. ಒಂದ್ಸಲ ಒಂದು ಹೆಣ್ಣುಹುಲಿ ಬಂತು. ಹೊಟ್ಟೆ ಕಡೆ ಮೊಲೆತೊಟ್ಟು ಎದ್ದು ಕಾಣೋದು. ಮರಿ ಕುಡೀತಿದ್ವು ಅಂತ ನೋಡಿದ ತಕ್ಷಣ ತಿಳೀತು. ಮಾಲೀಕ ಅಂದ, ಅಂಚಿನ ಬಟ್ಟೆ ಸ್ವಲ್ಪ ಅಗಲ ಮಾಡು, ಮುಚ್ಚೋಗ್ತದೆ ಅಂತ. ಅಗಲ ಮಾಡ್ದೆ. ಮುಚ್ಚೋಯ್ತು."

ಬಿಟ್ಟುಬಿಟ್ಟಿರಾ ಮಾಸ್ಟ್ರೇ ಆ ಕೆಲಸ, ಅಂದೆ. ಸಿನಿಮಾದಲ್ಲಾದರೆ ಅಲ್ಲಿಗೇ ಬಿಡಬೇಕಿತ್ತು, ಅಲ್ವಾ?

"ಎಲ್ಲಿ ಬಿಡ್ತಿಯಪ್ಪ? ಕೂಲಿ ಚೆನ್ನಾಗಿತ್ತು. ಆಮೇಲೂ ಐದಾರು ವರ್ಷ ಹೊಲಿದೆ. ಕಾನೂನು ಬಂತು, ಚರ್ಮ ಬರೋದು ನಿಲ್ತು. ಇಲ್ಲಿ ಬಂದು ಸ್ಕೂಲ್ ಯೂನಿಫಾರಂ ಹೊಲಿಯಕ್ಕೆ ಕೂತೆ."

ಒಂದು ಕೋಟಿನ ಕಥೆ

ಮಾಸ್ಟ್ರು ಹೆಸರೂ ಕೇಳಿರದ ಇನ್ನೊಬ್ಬ ಟೈಲರ್ ಅಮೆರಿಕದಲ್ಲಿದ್ದ. ಓಲೆಗ್ ಕಸ್ಸೀನಿ. ಅಧ್ಯಕ್ಷ ಕೆನಡಿಯವರ ಪತ್ನಿ ಜಾಕ್ವೆಲಿನ್ ಅವರಿಗೆ ಉಡುಪು ವಿನ್ಯಾಸ ಮಾಡುತ್ತಿದ್ದವನು. 1962ರ ಸುಮಾರಿಗೆ ಆಕೆ ಚಿರತೆ ಚರ್ಮದ ಕೋಟು ತೊಟ್ಟು ಹೊರಬಂದರು. ಫೋಟೋ ಲೋಕವೆಲ್ಲ ಸುತ್ತಿತು. ಶ್ರೀಮಂತ ಹೆಂಗಸರೆಲ್ಲ ನನಗೂ ಅದೇ ಬೇಕು ಅಂದರು. ಒಬ್ಬರ ಮೈ ಮೇಲಿನ ಒಂದು ಕೋಟು, ಕಾಡಿನಲ್ಲಿ ಸಾಲುಸಾಲು ಚಿರತೆಗಳ ಹೆಣ! ಕಸ್ಸೀನಿ ಮುಂದೆ ಆ ಕೋಟಿಗಾಗಿ ಪಶ್ಚಾತ್ತಾಪ ಪಟ್ಟ. 1999ರಲ್ಲಿ ಪ್ರಾಣಿಯ ಕೂದಲೇ ಇಲ್ಲದ ಕೃತಕ ತುಪ್ಪಳದ ಕೋಟುಗಳನ್ನು ಮಾಡಿ ತೋರಿಸಿದ.

ನೋಡಿದಿರಾ? ಗುಂಡು ಹೊಡೆದವನಿಗಿಂತ ತೊಟ್ಟು ಮೆರೆದವರ ಫೋಟೋ ಹೆಚ್ಚು ದೂರ ಹೋಗುತ್ತದೆ.

ಹೀರೋ ಅಂಗಿ ಬದಲಿಸಿದ

ಈಗ ನಮ್ಮ ಚಿತ್ರರಂಗಕ್ಕೆ ಬನ್ನಿ. 1972ರಲ್ಲಿ ಕಾಯ್ದೆ ಬಂತು. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1827. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ 9 ಕಾಡುಗಳಲ್ಲಿ ಬಂಡೀಪುರವೂ ಒಂದು. ಅದೇ 1973ರಲ್ಲಿ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್ ನಿರ್ಮಿಸಿದ 'ಗಂಧದ ಗುಡಿ' ತೆರೆಗೆ ಬಂತು. ಅಣ್ಣಾವ್ರು ಅದರಲ್ಲಿ ಶಿಕಾರಿ ಮಾಡಲಿಲ್ಲ, ಅರಣ್ಯಾಧಿಕಾರಿಯಾದರು! ಕೋವಿ ಹಿಡಿದವನ ಅಂಗಿ ಖಳನಾಯಕನ ಮೈಗೆ ಹೋಯಿತು, ಕಾಡು ಕಾಯುವ ಅಂಗಿ ನಾಯಕನ ಮೈಗೆ ಬಂತು. ಕಾಯ್ದೆ ಪುಸ್ತಕವನ್ನು ಎಷ್ಟು ಜನ ಓದಿದರೋ, ಆ ಚಿತ್ರಕ್ಕೆ ಸೀಟಿ ಹೊಡೆದವರಿಗೆ ಲೆಕ್ಕವಿಲ್ಲ.

2022ರ ಗಣತಿಯಲ್ಲಿ ನಾಗರಹೊಳೆ ಒಂದರಲ್ಲೇ 141 ಹುಲಿ. ಆ ಕಾಡಿನ ಆಡಳಿತ ಕಚೇರಿ ಇರುವುದು ನಮ್ಮ ಹುಣಸೂರಿನಲ್ಲೇ. ಕೋಟೆ, ಸರಗೂರು ಕಡೆ ಹುಲಿ ಹೊಲಕ್ಕೆ ಬಂದು ಜನ, ದನ ಬಲಿಯಾದದ್ದೂ ಉಂಟು. ಆ ರೈತನ ಸಿಟ್ಟಿಗೆ ಕಾರಣವಿದೆ. ಉಗುರು ಕಟ್ಟಿಕೊಂಡು ಮೆರೆಯುವವನ ಆಸೆಗೆ ಏನು ಕಾರಣ?

ಬೆಂಕಿಗೆ ಬಿದ್ದ ಅಂಚು

ಇನ್ನೊಂದು ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯ ಟಿಬೆಟಿಯನ್ನರನ್ನು ನೀವೆಲ್ಲ ಕಂಡಿದ್ದೀರಿ. ಅವರ ಮೂಲ ನಾಡಿನಲ್ಲಿ ಹಬ್ಬದ 'ಚುಬಾ' ನಿಲುವಂಗಿಗೆ ಹುಲಿ, ಚಿರತೆ, ನೀರುನಾಯಿ ಚರ್ಮದ ಅಂಚು ಕಟ್ಟುವುದು ದೊಡ್ಡಸ್ತಿಕೆಯಾಗಿತ್ತು. 2003ರಲ್ಲಿ ಟಿಬೆಟಿನಲ್ಲಿ ಒಂದೇ ಸಲಕ್ಕೆ ಸಿಕ್ಕಿಬಿದ್ದ ಸರಕಿನಲ್ಲಿ 31 ಹುಲಿ, 581 ಚಿರತೆ, 778 ನೀರುನಾಯಿಯ ಚರ್ಮಗಳಿದ್ದವು. ಕೆ.ಆರ್. ನಗರದ ಕಡೆ ಕಾವೇರಿಯಲ್ಲಿ ಮೀನು ಹಿಡಿಯುತ್ತಾ ತೇಲುತ್ತದಲ್ಲ, ಆ ಜಾತಿಯದೇ ಬಡಪ್ರಾಣಿ ನೀರುನಾಯಿ.

2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲೈ ಲಾಮಾ, ನೀವು ಹೀಗೆ ಚರ್ಮ ತೊಟ್ಟಿರುವುದನ್ನು ಕಂಡರೆ ನನಗೆ ನಾಚಿಕೆಯಾಗುತ್ತದೆ ಎಂಬ ಅರ್ಥದ ಮಾತಾಡಿದರು. ಮುಂದಿನ ತಿಂಗಳೇ ಟಿಬೆಟಿನ ಜನ ತಮ್ಮ ಬೆಲೆಬಾಳುವ ಅಂಚುಗಳನ್ನು ತಾವೇ ಕಿತ್ತು ಬೀದಿಯಲ್ಲಿ ಸುಟ್ಟರು. ಯಾವ ಪೊಲೀಸೂ ಬಾಗಿಲು ತಟ್ಟಿರಲಿಲ್ಲ. ಕಾನೂನು ಹೆದರಿಸಬಲ್ಲದು, ಗೆಳೆಯರೇ. ತೊಟ್ಟವನಿಗೇ ನಾಚಿಕೆಯಾದ ದಿನ ಫ್ಯಾಷನ್ ಸಾಯುತ್ತದೆ.

ನನ್ನದು ಎಮ್ಮೆ ಕೊಂಬು ತಾನೇ, ಕಟ್ಟಿಕೊಂಡರೇನು ಎಂದು ಮಾಸ್ಟ್ರನ್ನು ಕೇಳಿದೆ.

"ನಿನ್ ಕೊರಳಲ್ಲಿರೋದು ಎಮ್ಮೆ ಅಂತ ನಿಂಗೆ ಗೊತ್ತು. ನಿನ್ನ ನೋಡ್ದೋನಿಗೆ ಗೊತ್ತಾ? ಅವ್ನು ಅಸಲಿ ಹುಡುಕ್ಕೊಂಡು ಹೋಗ್ತಾನೆ" ಅಂದರು.

ದಾರ ಬಿಚ್ಚಿ ಅವರ ಮೇಜಿನ ಮೇಲಿಟ್ಟೆ. ಹೋದ ವಾರ ಹೊಸ ಶರ್ಟಿಗೆ ಅಳತೆ ಕೊಡಲು ಹೋದಾಗ ನೋಡಿದೆ. ಹೊಲಿದ ಕಾಲರನ್ನು ಮಗುಚಿ, ಅದರ ಮೂಲೆಯನ್ನು ಚೂಪಾಗಿ ಎತ್ತಲು ಮಾಸ್ಟ್ರು ಅದೇ ಕೊಂಬಿನ ತುದಿಯನ್ನು ಬಳಸುತ್ತಿದ್ದರು. ಮುನ್ನೂರು ರೂಪಾಯಿ ಕಡೆಗೂ ಒಂದು ಕೆಲಸಕ್ಕೆ ಬಂತು!