ಜಾಮೀನಿಲ್ಲದವನ ಜೀವಕ್ಕೆ ಹೊಣೆ ಯಾರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬಂಧುಗಳೆ, ಮೊಕದ್ದಮೆ ಬಿದ್ದ ಸಾಹುಕಾರ ಸಂಜೆಯೊಳಗೆ ಪಹಣಿ ಹಿಡಿದ ಜಾಮೀನುದಾರನನ್ನು ತಂದು ನಿಲ್ಲಿಸುತ್ತಾನೆ. ಅಕ್ಕಿ ಗಿರಣಿಯ ಹಮಾಲನಿಗೆ ಪಹಣಿ ಎಲ್ಲಿಂದ ಬರಬೇಕು? ಅವನು ಘಟ್ಟದ ದಾರಿಯಲ್ಲಿ ಸೆರೆಮನೆಗೆ ಹೋಗುತ್ತಾನೆ. ಅವನನ್ನು ಕಂಡುಬರಲು ಹೆಂಡತಿ ಒಂದು ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಕಳೆದುಕೊಳ್ಳಬೇಕು.

2017ರಿಂದ 2021ರವರೆಗೆ ದೇಶದ ಸೆರೆಮನೆಗಳಲ್ಲಿ ಆದ 817 ಅಸಹಜ ಸಾವುಗಳಲ್ಲಿ 660 ಆತ್ಮಹತ್ಯೆಗಳು. ಇದು ನಮ್ಮ ಲೆಕ್ಕವಲ್ಲ, ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಅಮಿತಾವ ರಾಯ್ ಸಮಿತಿಯ ಲೆಕ್ಕ. 2022ರ ಸರ್ಕಾರಿ ಅಂಕಿಗಳಂತೆ, ಕೈದಿಗಳಲ್ಲಿ ನೂರಕ್ಕೆ 75 ಮಂದಿ ವಿಚಾರಣಾಧೀನರು. ಅಪರಾಧ ರುಜುವಾಗದವರಿಗೆ ಈ ಮರಣದಂಡನೆ ವಿಧಿಸಿದವರು ಯಾರು?

ಕೈದಿ ತನ್ನ ಮೈಯನ್ನು ತಾನೇ ಗಾಯಪಡಿಸಿಕೊಂಡರೆ "ಆಸ್ಪತ್ರೆಗೆ ಹೋಗಲು ಹೂಡಿದ ನಾಟಕ" ಎನ್ನುವವರಿದ್ದಾರೆ. ಬಾಯಲ್ಲಿ ಹೇಳಿದ ದುಃಖವನ್ನು ಯಾರೂ ಕೇಳದಾಗ ಮನುಷ್ಯ ಮೈಯಿಂದ ಹೇಳುತ್ತಾನೆ. ಒಮ್ಮೆ ಹಾಗೆ ಮಾಡಿಕೊಂಡವನಿಗೆ ಮುಂದೆ ಪ್ರಾಣಾಪಾಯ ಹೆಚ್ಚು ಎಂದು ವೈದ್ಯರು ಬಲ್ಲರು. ಹಾಗಿದ್ದೂ 1894ರ ಬ್ರಿಟಿಷರ ಸೆರೆಮನೆ ಕಾಯ್ದೆ, ದುಡಿಯಲಾರದಂತೆ ಬೇಕೆಂದೇ ಮೈಕೆಡಿಸಿಕೊಳ್ಳುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಿತು. ಅವರಿಗೆ ಬೇಕಾದದ್ದು ಕೈದಿಯ ದುಡಿಮೆ, ಜೀವವಲ್ಲ! 2017ರ ಮಾನಸಿಕ ಆರೋಗ್ಯ ಕಾಯ್ದೆಯಾದರೋ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮನೋವೇದನೆಯಲ್ಲಿದ್ದನೆಂದೇ ಭಾವಿಸಿ ಆರೈಕೆ ಕೊಡಬೇಕೆನ್ನುತ್ತದೆ. ಕಾನೂನು ಬದಲಾದರೂ ಲಾಠಿಯ ಬುದ್ಧಿ ಬದಲಾಗಲಿಲ್ಲ.

ಅಪಾಯದ ಗಳಿಗೆಗಳು ಗುಟ್ಟಲ್ಲ. ಒಳಹೊಕ್ಕ ಮೊದಲ ದಿನಗಳು, ಕುಡಿತ ಒಮ್ಮೆಲೇ ನಿಂತ ದಿನಗಳು, ಜಾಮೀನು ತಿರಸ್ಕಾರವಾದ ಸಂಜೆ, ತೀರ್ಪಿನ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದ ರಾತ್ರಿ. ಆಗ ಅವನನ್ನು ಒಂಟಿ ಕೋಣೆಗೆ ತಳ್ಳುವುದು ರಕ್ಷಣೆಯಲ್ಲ. ಜೊತೆಗೊಬ್ಬ ಮನುಷ್ಯ ಬೇಕು. 1951ರ ಕಾಗೋಡು ಸತ್ಯಾಗ್ರಹಿಗಳು ಗುಂಪಾಗಿ ಜೈಲಿಗೆ ಹೋದರು, ಹೊರಗೆ ಅವರಿಗೊಂದು ಚಳವಳಿಯಿತ್ತು. ಇಂದು ಒಬ್ಬಂಟಿಯಾಗಿ ಒಳಹೋಗುವ ಬಡವನಿಗೆ ಯಾರಿದ್ದಾರೆ?

ದಾರಿ ತೋರಿಸುವವರಿಲ್ಲವೆಂದು ಸರ್ಕಾರ ಹೇಳುವಂತಿಲ್ಲ. ರಾಷ್ಟ್ರೀಯ ಮಾನವ ಹಕ್ಕು ಆಯೋಗ 2023ರಲ್ಲಿಯೇ ಸ್ಪಷ್ಟವಾಗಿ ಬರೆದು ಕೊಟ್ಟಿದೆ: ಒಳಬರುವಾಗಲೇ ಮನಸ್ಸಿನ ತಪಾಸಣೆ, ಮನಶ್ಶಾಸ್ತ್ರಜ್ಞರ ಮತ್ತು ಕಲ್ಯಾಣಾಧಿಕಾರಿಗಳ ಖಾಲಿ ಹುದ್ದೆಗಳ ಭರ್ತಿ, ಮನೆಯವರೊಡನೆ ಫೋನು, ಸಹಕೈದಿಗಳಿಗೇ ತರಬೇತಿ. ಹೊಸ ಗೋಡೆ ಕಟ್ಟಲು ಹಣವಿದ್ದರೆ ಇದಕ್ಕೇಕಿಲ್ಲ?

ನಮ್ಮ ಬೇಡಿಕೆಗಳು ಇವು. ಜಿಲ್ಲೆಯ ಸೆರೆಮನೆಯಲ್ಲಿ ಆಯೋಗದ ಸಲಹೆಗಳಲ್ಲಿ ಎಷ್ಟು ಜಾರಿಯಾಗಿವೆಯೆಂಬುದನ್ನು ಅಧಿಕಾರಿಗಳು ಬಹಿರಂಗಪಡಿಸಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಪಾಲನೆಯಾಗಲಿ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧವಲ್ಲದಿದ್ದರೆ, ಬೇರೆ ಮೊಕದ್ದಮೆ ಬಾಕಿಯಿಲ್ಲದಿದ್ದರೆ, ಹಿಂದೆ ಎಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲು ಒಳಗೆ ಕಳೆದ ಕೂಡಲೇ ಬಿಡುಗಡೆಗೆ ಅರ್ಜಿ ಹಾಕುವುದು ಸೆರೆಮನೆ ಅಧೀಕ್ಷಕರ ಕರ್ತವ್ಯ. ಅದು ದಯೆಯಲ್ಲ, ಹಕ್ಕು. ಬಂಧನದಲ್ಲಿರುವವನಿಗೆ ಪುಕ್ಕಟೆ ವಕೀಲರೂ 1987ರ ಕಾಯ್ದೆಯಂತೆ ಹಕ್ಕೇ.

ಗಿರಣಿ ಕಾರ್ಮಿಕರೆ, ಅಂಗಡಿಕಾರ ಮಿತ್ರರೆ! ಸರ್ಕಾರ ಏಳುವವರೆಗೆ ನಾವು ಮಲಗಬಾರದು. ಪ್ರತಿ ಸಂಘವೂ ಈ ಬೇಡಿಕೆಗಳ ಠರಾವು ಪಾಸು ಮಾಡಲಿ. ನಿಮ್ಮ ಬೀದಿಯವನು ಒಳಗಿದ್ದರೆ ಸರದಿಯ ಮೇಲೆ ಹೋಗಿ ಕಂಡುಬನ್ನಿ, ಅವನ ಮನೆಯವರ ಬಸ್ ಚಾರ್ಜಿಗೆ ನಾಲ್ಕು ಕಾಸು ಕೂಡಿಸಿ. ಆ ಮನೆಯಲ್ಲಿ ಯಾರಾದರೂ ಬದುಕು ಬೇಡವೆಂದರೆ ಗದರಿಸಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಸರ್ಕಾರದ 'ಟೆಲಿ ಮಾನಸ್' 14416ಕ್ಕೆ ಫೋನು ಮಾಡಿಸಿ. ಯಾರಿಗೂ ಬೇಡವಾದೆನೆಂಬ ಭಾವನೆ ಮನುಷ್ಯನನ್ನು ಕೊಲ್ಲುತ್ತದೆ. ಬೇಕಾದವನೆಂದು ತೋರಿಸುವುದು ನಮ್ಮ ಕೈಯಲ್ಲಿದೆ.