ಅಂಗಳಕ್ಕೊಂದು ಸಾಲು ಆವರಿಕೆ

ಪ್ರತಿ ಮಳೆಗಾಲದಲ್ಲೂ ನಮ್ಮ ಕಾಲೇಜಿನ ಅಂಗಳದಲ್ಲಿ ಗುಲಾಬಿ ನೆಡುತ್ತೇವೆ. ಬೇಸಗೆಯ ರಜೆಯಲ್ಲಿ ನೀರೆರೆಯುವವರಿಲ್ಲದೆ ಅವು ಒಣಗುತ್ತವೆ. ಈ ಬಾರಿ ಆವರಿಕೆಯನ್ನೇಕೆ ಬೆಳೆಸಬಾರದು?

ಈ ಮಾತಿಗೆ ಗೆಳೆಯರು ನಕ್ಕರು. "ಅದು ಬೇಲಿಯ ಗಿಡವಲ್ಲವೇ?" ಎಂದರು. ಹೌದು, ಬೇಲಿಯ ಗಿಡವೇ. ತಂಗಡಿ ಎಂದೂ ಕರೆಯುವ ಇದರ ತೊಗಟೆಯಿಂದ ತೊಗಲು ಹದಮಾಡುತ್ತಿದ್ದರು; ಸೊಪ್ಪು ಗದ್ದೆಗೆ ಗೊಬ್ಬರ. ಉಪಯೋಗಕ್ಕೆ ಬಂದದ್ದೇ ಅದರ ಕೀಳ್ತನವೇ? 2014ರಲ್ಲಿ ರೂಪುಗೊಂಡ ನೆರೆಯ ತೆಲಂಗಾಣವು ಈ ಹಳದಿ ಹೂವನ್ನೇ ರಾಜ್ಯಪುಷ್ಪವೆಂದು ಆರಿಸಿಕೊಂಡಿದೆ. ಅಲ್ಲಿಯ ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು.

ಬೆಳೆಸುವುದೂ ಸುಲಭ. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಒರಟು ಕಲ್ಲಿನ ಮೇಲೆ ತುಸು ಉಜ್ಜಿ, ಒಂದು ರಾತ್ರಿ ನೆನೆಸಿ, ಮುಂಗಾರಿನಲ್ಲಿ ಬಿತ್ತಬೇಕು. ಬಿಸಿಲಿರುವ, ನೀರು ನಿಲ್ಲದ ಜಾಗವಾದರೆ ಸಾಕು. ಮೊದಲ ಬೇಸಗೆಯಲ್ಲಿ ಆಗಾಗ ನೀರುಣಿಸಬೇಕು. ಬೇರಿಳಿದ ಮೇಲೆ ಮಳೆಯೇ ಸಾಕು. ಹೂ ಮುಗಿದ ಬಳಿಕ ತುದಿ ಕತ್ತರಿಸಿದರೆ ಗಿಡ ದಟ್ಟವಾಗುತ್ತದೆ. ದನಗಳು ಇದಕ್ಕೆ ಬಾಯಿಹಾಕುವುದು ಅಪರೂಪ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿದವನು ನಾನೇ ಮೊದಲು. ಮೊದಲ ವರ್ಷ ಅಪ್ಪ ಶುಲ್ಕದ ಹಣ ತಂದಾಗ ಗೇಟಿನ ಹೊರಗೇ ನಿಂತಿದ್ದ. ಒಳಗೆ ಕರೆಯಲು ನನಗೆ ನಾಚಿಕೆಯಾಗಿತ್ತು. ಆವರಿಕೆಯನ್ನು ಕಂಡು ನಕ್ಕ ಗೆಳೆಯರನ್ನು ನಾನು ಹೇಗೆ ದೂರಲಿ? ನಮ್ಮ ನೆಲದ್ದನ್ನು ಹೊರಗೆ ನಿಲ್ಲಿಸುವುದನ್ನು ವಿದ್ಯೆಯೆಂದು ನಾನೂ ತಿಳಿದಿದ್ದೆ.

ಪ್ರಾಂಶುಪಾಲರು ಅನುಮತಿಯಿತ್ತರೆ ಬೀಜ ತರುವ ಹೊಣೆ ನನ್ನದು. ಮೊದಲ ಬೇಸಗೆಯ ನೀರಿನ ಹೊಣೆಯನ್ನು ಕಿರಿಯ ಗೆಳೆಯರು ಹೊರಲಿ. ಸಾಲು ಮಾತ್ರ ಗೇಟಿನ ಒಳಗಿರಲಿ.