ವೀರಪ್ಪನ್ ಸತ್ತಾಗ ನಾನು ಹಂಚಿದ ಜಹಾಂಗೀರು

ಮೊದಲು ನನ್ನದೇ ತಪ್ಪು ಒಪ್ಪಿಕೊಂಡುಬಿಡ್ತೀನಿ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ವೀರಪ್ಪನ್ ಸತ್ತ. ಮಾರನೇ ದಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅರ್ಧ ಕೆ.ಜಿ. ಜಹಾಂಗೀರು ಕೊಂಡು ಆಫೀಸಿನಲ್ಲಿ ಹಂಚಿದೆ. ಅಣ್ಣಾವ್ರನ್ನು 108 ದಿನ ಕಾಡಿನಲ್ಲಿಟ್ಟವನು, ಅರಣ್ಯಾಧಿಕಾರಿ ಶ್ರೀನಿವಾಸ್ ಅವರ ತಲೆ ಕಡಿದವನು. ಹಂಚದೇ ಇರ್ತೀನಾ?

ಹತ್ತು ವರ್ಷ ಕಳೀತು. 2014ರ ಆಗಸ್ಟ್ 22ರಂದು ಅನಂತಮೂರ್ತಿ ತೀರಿಕೊಂಡರು. ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಕೆಲವರು ಪಟಾಕಿ ಹೊಡೆದರು. ಮೋದಿ ಆಳುವ ದೇಶದಲ್ಲಿ ಇರೋಲ್ಲ ಅಂತ 2013ರಲ್ಲಿ ಅವರು ಅಂದಿದ್ದರಲ್ಲ, ಆ ಸಿಟ್ಟು. (ಆವೇಶದಲ್ಲಿ ಆಡಿದ ಮಾತು ಅಂತ ಆಮೇಲೆ ಅವರೇ ಹೇಳಿದ್ದರು.) ನನಗೆ ಮೈಯೆಲ್ಲ ಉರಿದುಹೋಯ್ತು. ಥೂ, ಇವರೂ ಮನುಷ್ಯರಾ ಅಂತ ಕೂಗಾಡಿದೆ. ಬನಶಂಕರಿಯ ಗೆಳೆಯನೊಬ್ಬ ತಣ್ಣಗೆ ಕೇಳಿದ: "ಜಹಾಂಗೀರು ಹಂಚಿದವನು ನೀನೇ ಅಲ್ವೇನೋ?"

ಅವನು ಕೊಲೆಗಾರ ಕಣೋ, ಇವರು ಲೇಖಕರು, ಎರಡೂ ಒಂದೇನಾ ಅಂತ ಅವನ ಬಾಯಿ ಮುಚ್ಚಿಸಿದೆ. ಖಂಡಿತ ಒಂದೇ ಅಲ್ಲ. ಆದರೆ ನನ್ನ ಉತ್ತರ ನನಗೇ ರುಚಿಸಲಿಲ್ಲ. ಸತ್ತವರು ಬೇರೆ ಬೇರೆ, ಸಾವಿಗೆ ಸಂಭ್ರಮಿಸುವ ಚಟ ಮಾತ್ರ ಒಂದೇ. ರಾಕ್ಷಸರ ಪಟ್ಟಿ ಎಲ್ಲರ ಜೇಬಿನಲ್ಲೂ ಇರುತ್ತೆ ಸ್ವಾಮಿ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಾಗ ಟ್ವಿಟರಿನಲ್ಲಿ ಕುಣಿದವರಿದ್ದರು. ನಮ್ಮ ಜೆ.ಪಿ. ನಗರದಲ್ಲಿ ವರ್ಷಗಟ್ಟಲೆ ಇದ್ದ ಗಿರೀಶ ಕಾರ್ನಾಡರು 2019ರ ಜೂನ್ 10ರಂದು ಹೋದಾಗಲೂ ಅದೇ ಕೇಕೆ. ನಿಜವಾದ ರಾಕ್ಷಸರು ತಮ್ಮ ಪಟ್ಟಿಯಲ್ಲೇ ಇರೋದು ಅಂತ ಅವರೂ ನಂಬಿದ್ದರು, ನನ್ನ ಹಾಗೇ.

"ನರಕಾಸುರ ಸತ್ತಿದ್ದಕ್ಕೆ ಪಟಾಕಿ ಹೊಡೆಯಲ್ವಾ?" ಅಂತ ಕೇಳೋರಿದ್ದಾರೆ. ಹೊಡೀತೀವಿ. ಆದರೆ ಅದೇ ಹಬ್ಬದಲ್ಲಿ, ಪಾಡ್ಯದ ದಿನ, ದೇವತೆಗಳ ಶತ್ರು ಬಲೀಂದ್ರನನ್ನು ಕರೆದು ಪೂಜೆ ಮಾಡ್ತೀವಿ. ಆ ಮಂಗಳೂರಿನ ಕಡೆಯಂತೂ ಗದ್ದೆಗೆ ದೀಪ ಇಟ್ಟು ಕೂಗಿ ಕರೀತಾರೆ. ರಾವಣ ಸತ್ತ ಮೇಲೆ ರಾಮ ಕುಣಿಯಲಿಲ್ಲ, ಸಂಸ್ಕಾರ ಮಾಡಪ್ಪಾ ಅಂತ ವಿಭೀಷಣನಿಗೆ ಹೇಳಿದ. ನಮ್ಮ ರನ್ನನ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಕೈಮುಗಿದ. ದುರ್ಯೋಧನನಿಗಿದ್ದಷ್ಟು ದೊಡ್ಡತನವೂ ನಮಗೆ ಬೇಡವಾ?

ಹಾಗಂತ ವೀರಪ್ಪನ್ ಕೈಯಲ್ಲಿ ಸತ್ತವರ ಮನೆಯವರು ಅವತ್ತು ನಿಟ್ಟುಸಿರು ಬಿಟ್ಟಿದ್ದರೆ ಯಾರೂ ಕೇಳೋ ಹಾಗಿಲ್ಲ. ಅವರ ನೋವು ಅವರಿಗೇ ಗೊತ್ತು. ಆದರೆ ಜಯನಗರದಲ್ಲಿ ಕೂತಿದ್ದ ನನಗೆ ಯಾವ ವೀರಪ್ಪನ್ ಭಯ ಇತ್ತು? ನನ್ನದು ಮ್ಯಾಚ್ ಗೆದ್ದ ಖುಷಿ, ಅಷ್ಟೇ. ಅಷ್ಟು ವರ್ಷ ಅವನಿಂದ ಗಂಧ, ದಂತ ಕೊಂಡವರು ಯಾರು ಅಂತ ನಾನು ಕೇಳಲೇ ಇಲ್ಲ. ಬಾಯಿ ತುಂಬಾ ಜಹಾಂಗೀರು ಇತ್ತಲ್ಲ...

ಸತ್ತವರನ್ನು ಹೊಗಳಲೇಬೇಕು ಅಂತ ನಾನು ಹೇಳ್ತಿಲ್ಲ. ಅನಂತಮೂರ್ತಿಯವರ ಮಾತು ತಪ್ಪು ಅನ್ನಿಸಿದರೆ ಇವತ್ತೂ ಹೇಳಿ, ಬರೀರಿ, ಜಗಳ ಆಡಿ. ಪಟಾಕಿ ವಾದ ಅಲ್ಲ. ವಾದ ಮಾಡೋಕೆ ಕೈಲಾಗದವರು ಯಮನಿಗೆ ಚಪ್ಪಾಳೆ ಹೊಡೀತಾರೆ.

ನನ್ನ ಜೇಬಿನ ಪಟ್ಟಿ ಇನ್ನೂ ಖಾಲಿಯಾಗಿಲ್ಲ. ಅದರಲ್ಲಿರೋರು ಹೋದ ದಿನ ನನಗೆ ಕಣ್ಣೀರು ಬರಲಿಕ್ಕಿಲ್ಲ. ಆದರೆ ಸಿಹಿ ಅಂಗಡಿಗಂತೂ ಹೋಗಲ್ಲ.

ನೀವೇನಂತೀರಿ?